ನಿಮ್ಮವರು ಯಾರಿದ್ದಾರೆ?

ಸ್ಮಶಾನವನ್ನು ನೋಡಲು ಗುಂಪು ಕಟ್ಟಿಕೊಂಡು ಹೋಗುವವರನ್ನು ಲೋಕ ಜಾಣರೆಂದು ಕರೆಯುವುದಿಲ್ಲ. ಆದರೂ ನಾವು ಐವರು ಅಧ್ಯಾಪಕರು ಒಂದು ಭಾನುವಾರ ಹಾಗೆ ಹೋಗಿಬಂದೆವು. ಹೊರಡುವಾಗ ನನ್ನ ಮನೆಯಾಕೆ, "ಬೇರೆಲ್ಲೂ ಜಾಗ ಸಿಗಲಿಲ್ಲವೇ ನಿಮಗೆ? ಬಂದೊಡನೆ ಏನನ್ನೂ ಮುಟ್ಟದೆ ಸ್ನಾನಕ್ಕೆ ನಡೆಯಿರಿ" ಎಂದು ಎಚ್ಚರಿಸಿ, ಚಿತ್ರಾನ್ನದ ಡಬ್ಬಿಯನ್ನು ಕೈಗಿತ್ತಳು.

ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಕಡೆಯ ರೈಲು ಹಿಡಿದೆವು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಈ ಪೇಟೆ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಸಾಹೇಬರು ಹೋಗಿ ಬಂಗಾರ ಬಂತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಕೋಲಾರದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೆ ಪೇಟೆಗೆ ಉಳಿದದ್ದು ಬಂಗಾರದ ಹೆಸರು ಮಾತ್ರ.

ಚಾಂಪಿಯನ್ ನಿಲ್ದಾಣದಲ್ಲಿ ಇಳಿದು ಹಳೆಯ ಇಂಗ್ಲಿಷ್ ಗೋರಿಗಳ ನಡುವೆ ಅಲೆದೆವು. ತಮ್ಮ ನಾಡಿನ ತಾಮ್ರ, ತವರದ ಗಣಿಗಳು ಸೊರಗಿದಾಗ ಹೊಟ್ಟೆಪಾಡಿಗೆಂದು ಕಾರ್ನ್‌ವಾಲ್‌ನಿಂದ ಕಡಲು ದಾಟಿ ಬಂದವರು ಅನೇಕರು. ಶಿಲುಬೆಯ ಕೆಳಗೆ ಹೆಸರು, ವಯಸ್ಸು, ಉಳಿದವರ ಅಳಲು. ಎಳೆಯ ಮಗುವಿನ ಗೋರಿಯ ಮುಂದೆ ನಿಂತಾಗ, ದೊರೆಗಳು, ಆಳುಗಳು ಎಂಬ ಭೇದ ನನಗೂ ಮರೆತುಹೋಯಿತು. ಇತಿಹಾಸದ ಮೇಷ್ಟರು ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಅಲ್ಲಿ ಮೇಕೆ ಕಾಯುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು, "ನಿಮ್ಮೋರು ಯಾರಾದ್ರೂ ಇದಾರಾ ಸ್ವಾಮಿ ಇಲ್ಲಿ?" ಎಂದು ಕೇಳಿದ.

"ಇಲ್ಲ ಯಜಮಾನರೆ, ಸುಮ್ಮನೆ ನೋಡಲು ಬಂದೆವು."

"ನಮ್ಮೋರು ಅಗೋ, ಆ ಕಡೆ ಇದಾರೆ. ನಮ್ಮ ತಾತ ಕೆಳಗೆ ಬಂಡೆ ಸಿಡಿದು ಹೋದ್ರು. ಕಲ್ಲು ಹಾಕ್ಸೋಕೆ ಆಗ್ಲಿಲ್ಲ."

ಅವನು ತೋರಿದ ಕಡೆ ಜಾಲಿಗಿಡಗಳ ನಡುವೆ ತಗ್ಗುದಿಣ್ಣೆಯ ನೆಲವಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಬಿಗಿದ ಬಂಡೆ ಕೆಲವೊಮ್ಮೆ ಸಿಡಿಮದ್ದಿನಂತೆ ಸಿಡಿಯುತ್ತದೆ. ಬದುಕಿಡೀ ಕಲ್ಲು ಒಡೆದವನ ತಲೆಯ ಬಳಿ ಒಂದು ಕಲ್ಲಿಲ್ಲ.

ಚಿತ್ರಾನ್ನ ತಿನ್ನುವಾಗ ತತ್ತ್ವಶಾಸ್ತ್ರದ ಗೆಳೆಯರು, "ಕಲ್ಲಿದ್ದರೇನು, ಬಿಟ್ಟರೇನು? ಮಣ್ಣಿಗೆ ಎಲ್ಲರೂ ಒಂದೇ" ಎಂದರು. ನಿಜ, ಮಣ್ಣು ಸಮದರ್ಶಿ. ಆದರೆ ಅದು ಮಣ್ಣಿನ ಗುಣ, ನಮ್ಮದಲ್ಲ. ಅದರ ಸಮತೆಯನ್ನು ತೋರಿಸಿ ನಾವು ನಮ್ಮ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದೇ?

ಲೆಕ್ಕವಂತೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ತನ್ನು ತಂದದ್ದು ಈ ಗಣಿಗಳಿಗಾಗಿ. ಅದೇ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ಗಣಿ ಇಲ್ಲದಿದ್ದರೆ ಆ ಬೆಳಕು ಅಷ್ಟು ಬೇಗ ಬರುತ್ತಿರಲಿಲ್ಲ. ಉತ್ತರ ಆರ್ಕಾಟಿನಿಂದಲೋ ಚಿತ್ತೂರಿನಿಂದಲೋ ಬಂದು ಕತ್ತಲೆಗೆ ಇಳಿದವನಿಗೂ ನಗರದಲ್ಲಿ ದೀಪದ ಕೆಳಗೆ ಓದಿದವನಿಗೂ ನಂಟಿಲ್ಲವೆನ್ನುವುದು ಹೇಗೆ? ಹಿರಿಯರು ಋಣವನ್ನು ಕುಲಗೋತ್ರಕ್ಕೆ ಮಾತ್ರ ಕಟ್ಟಿಹಾಕಲಿಲ್ಲ. ತಾಯಿ, ತಂದೆ, ಬಂಧು ಯಾರೂ ಇಲ್ಲದವರಿಗೂ ತರ್ಪಣದಲ್ಲಿ ದರ್ಭೆಯ ನೀರು ಬಿಡುವ ಪದ್ಧತಿಯಿದೆ. "ನಮ್ಮವರು" ಎಂಬ ಮಾತಿನ ಎಲ್ಲೆಯನ್ನು ಅವರು ನಮಗಿಂತ ದೂರ ಎಳೆದಿದ್ದರು.

ಹೀಗೆಲ್ಲ ಯೋಚಿಸುತ್ತ ಸಂಜೆಯ ರೈಲಿನಲ್ಲಿ ಕುಳಿತು ಟಿಪ್ಪಣಿ ಪುಸ್ತಕ ತೆರೆದೆ. ಅದರಲ್ಲಿ ಇಪ್ಪತ್ತಮೂರು ಇಂಗ್ಲಿಷ್ ಹೆಸರುಗಳಿದ್ದವು. ಆ ಮುದುಕನ ತಾತನ ಹೆಸರನ್ನು ನಾನು ಕೇಳಿರಲೇ ಇಲ್ಲ. ಕಲ್ಲು ಹಾಕಿಸಲು ಹಣ ಬೇಕು; ಹೆಸರು ಕೇಳಲು ಏನು ಬೇಕಿತ್ತು? ಕಲ್ಲಿದ್ದವರನ್ನು ಮಾತ್ರ ಕಾಣುವ ಅಭ್ಯಾಸ ಕಂಪನಿಯೊಂದಿಗೆ ಹೋಗಿಲ್ಲ, ನನ್ನೊಳಗೇ ಇದೆ. ಸತ್ತವರನ್ನು ನೆನೆಯುವುದು ಸುಲಭ, ಅವರು ಏನನ್ನೂ ಬೇಡುವುದಿಲ್ಲ. ಎದುರಿಗೆ ನಿಂತು ಮಾತನಾಡಿಸುವವನನ್ನು ಗಮನಿಸುವುದೇ ಕಷ್ಟ.

ಮನೆಗೆ ಬಂದು ಹೇಳಿದಂತೆಯೇ ಸ್ನಾನ ಮಾಡಿದೆ. ಸ್ಮಶಾನವೈರಾಗ್ಯ ನೀರಿನೊಡನೆ ಹರಿದುಹೋಗುತ್ತದೆ ಎನ್ನುತ್ತಾರೆ. ಇರಬಹುದು. ಕೇಳದೆ ಬಿಟ್ಟ ಆ ಹೆಸರು ಮಾತ್ರ ಹೋಗಲಿಲ್ಲ. ಇನ್ನೊಂದು ಭಾನುವಾರ ಒಬ್ಬನೇ ಹೋಗಿ ಕೇಳಿಕೊಂಡು ಬರಬೇಕು.