ಆಟವೂ ಫಲಾಪೇಕ್ಷೆಯೂ

ದೊರೆಯದ ಫಲವನ್ನು ಬಯಸಿಯೇ ಇರಲಿಲ್ಲವೆಂದು ಹೇಳಿಕೊಳ್ಳುವುದು ಸುಲಭ. ಎಟುಕದ ದ್ರಾಕ್ಷಿ ಹುಳಿಯೆಂಬ ಮಾತು ಸರ್ವರಿಗೂ ತಿಳಿದದ್ದೇ. ಹಾಗಾದರೆ ನಿಷ್ಕಾಮವನ್ನು ನಿರಾಶನ ವೈರಾಗ್ಯದಿಂದ ಬೇರ್ಪಡಿಸುವ ಲಕ್ಷಣ ಯಾವುದು? ಉತ್ತರವನ್ನು ತಪೋವನದಲ್ಲಿಯೇ ಅರಸಬೇಕೆಂಬ ನಿಯಮವಿಲ್ಲ. ಆಟದ ಬಯಲಿನಲ್ಲಿಯೂ ಅದು ದೊರೆತೀತು.

ಪುಣೆಯ ಸರ್ ಪರಶುರಾಮಭಾವೂ ಕಾಲೇಜಿನಲ್ಲಿ ಸಂಸ್ಕೃತಾಧ್ಯಾಪಕರಾಗಿದ್ದ ದಿನಕರ ಬಳವಂತ ದೇವಧರರು 1892ರಲ್ಲಿ ಜನಿಸಿದವರು. ಅವರಿಗೆ ಪಾಠವು ಜೀವನೋಪಾಯ; ಕ್ರಿಕೆಟ್ಟು ಪ್ರೀತಿಯ ವಿಷಯ. 1926ರಲ್ಲಿ ಗಿಲಿಗನ್ನನ ನಾಯಕತ್ವದಲ್ಲಿ ಬಂದ ಆಂಗ್ಲರ ತಂಡದೆದುರು ಮುಂಬಯಿಯಲ್ಲಿ ಭಾರತದ ಪರವಾಗಿ ಆಡಿ ಅವರು 148 ರನ್ನುಗಳನ್ನು ಗಳಿಸಿದರು. ಭಾರತೀಯರೂ ಆಂಗ್ಲರಿಗೆ ಸರಿಸಮಾನರಾಗಬಲ್ಲರೆಂಬ ನಂಬಿಕೆ ಬಲವಾದದ್ದು ಆ ಪ್ರವಾಸದಿಂದ. 1928ರಲ್ಲಿ ಭಾರತದ ಕ್ರಿಕೆಟ್ ಮಂಡಳಿ ಸ್ಥಾಪಿತವಾಯಿತು. 1932ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ದೇಶದ ಪ್ರಥಮ ಟೆಸ್ಟ್ ಪಂದ್ಯವೂ ನಡೆಯಿತು. ಆದರೆ ಅಷ್ಟರಲ್ಲಿ ದೇವಧರರಿಗೆ ನಲವತ್ತು ತುಂಬಿತ್ತು. ಆ ತಂಡದಲ್ಲಿ ಅವರಿರಲಿಲ್ಲ. ಮುಂದೆಯೂ ಒಂದು ಟೆಸ್ಟ್ ಪಂದ್ಯವಾದರೂ ಅವರ ಪಾಲಿಗೆ ಬರಲಿಲ್ಲ. ಬಾಗಿಲು ತೆರೆಯಲು ನೆರವಾದವರೇ ಹೊಸ್ತಿಲ ಹೊರಗುಳಿದಂತಾಯಿತು.

ಇಲ್ಲೊಂದು ಪೂರ್ವಪಕ್ಷವುಂಟು: ಕಾಲವು ಪ್ರತಿಕೂಲವಾದುದರಿಂದ ಫಲ ತಪ್ಪಿತು, ಇದರಲ್ಲಿ ಪುರುಷನ ಗುಣವೇನು ಎಂದು. ಫಲ ತಪ್ಪುವುದು ಗುಣವಲ್ಲವೆಂಬುದು ನಿಜವೇ. ಆದರೆ ಫಲದ ಆಸೆ ಕಡಿದುಹೋದ ಮೇಲೆ ಕರ್ಮವು ನಿಂತಿತೋ ಮುಂದುವರಿಯಿತೋ ಎಂಬುದೇ ಪರೀಕ್ಷೆ. ಅಂತರಂಗವು ಪರರಿಗೆ ಕಾಣದು, ನಡತೆಯೊಂದೇ ಪ್ರಮಾಣ. ದೇವಧರರ ಅತ್ಯುತ್ತಮ ಆಟವೆಲ್ಲ ಬಹುಮಟ್ಟಿಗೆ ಆ ಆಸೆ ಕಡಿದ ಬಳಿಕದ್ದು. ಅವರ ನಾಯಕತ್ವದಲ್ಲಿ ಮಹಾರಾಷ್ಟ್ರವು 1939-40 ಮತ್ತು 1940-41ರಲ್ಲಿ ರಣಜಿ ಟ್ರೋಫಿಯನ್ನು ಗೆದ್ದಿತು. ನಲವತ್ತೆಂಟರ ವಯಸ್ಸಿನಲ್ಲಿ ಮುಂಬಯಿಯ ವಿರುದ್ಧ 246. ಐವತ್ತೆರಡರಲ್ಲಿ, 1944ರಲ್ಲಿ, ಒಂದೇ ಪಂದ್ಯದ ಎರಡು ಸರದಿಗಳಲ್ಲಿಯೂ ಶತಕ. ಫಲವೇ ಪ್ರೇರಕವಾಗಿದ್ದರೆ ಬ್ಯಾಟು ಎಂದೋ ಮೂಲೆ ಸೇರಬೇಕಾಗಿತ್ತು.

ಇದಕ್ಕಿಂತ ಕಠಿನವಾದ ಪರೀಕ್ಷೆ ಇನ್ನೊಂದುಂಟು. ಮುಂದೆ ಅವರು ರಾಷ್ಟ್ರೀಯ ತಂಡದ ಆಯ್ಕೆಗಾರರೂ, ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರೂ, ಭಾರತದ ಮಂಡಳಿಯ ಉಪಾಧ್ಯಕ್ಷರೂ ಆದರು. ತನಗೆ ಬಾರದ ಮಾನವನ್ನು ಎಳೆಯರಿಗೆ ಹಂಚುವ ಪೀಠವದು. ಮತ್ಸರವು ಮನೆಮಾಡಲು ಅದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಆದರೆ ಅಧ್ಯಾಪಕನಿಗೆ ಈ ಪೀಠವು ಹೊಸದಲ್ಲ. ವರ್ಷವರ್ಷವೂ ಶಿಷ್ಯರನ್ನು ಆಚೆಯ ದಡಕ್ಕೆ ದಾಟಿಸಿ, ತಾನು ಬರಿದಾದ ದೋಣಿಯೊಡನೆ ಈಚೆಗೆ ಮರಳುವುದೇ ಅವನ ವೃತ್ತಿ. ಶಿಷ್ಯನು ತನ್ನನ್ನು ಮೀರಿದಾಗ ಸಂತೋಷಪಡಲು ಕಲಿಯದವನು ಗುರುವಲ್ಲ.

1973ರಲ್ಲಿ ಅವರ ಹೆಸರಿನ ಟ್ರೋಫಿ ಆರಂಭವಾಯಿತು. 1993ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು. ಫಲವನ್ನು ಬೇಡವೆನ್ನುವುದಷ್ಟೇ ತ್ಯಾಗವಲ್ಲ. ಅದು ಪರರ ಕೈಸೇರುವಾಗ ಮನಸ್ಸು ಕಹಿಯಾಗದಂತೆ ಕಾಯುವುದೇ ತ್ಯಾಗ.