ದಶಮೀವೇಧೆಯೂ ಹರಿದಿನದ ನಿರ್ಣಯವೂ

ನೆರೆಮನೆಯವರು ನಿನ್ನೆಯೇ ಉಪವಾಸ ಮಾಡಿದರಲ್ಲ, ನಮಗೇಕೆ ಇಂದು ಎಂದು ಮಕ್ಕಳು ಕೇಳುವುದುಂಟು. ಮಠದ ಪಂಚಾಂಗದಲ್ಲಿ ಹಾಗಿದೆ ಎಂದಷ್ಟೇ ಹೇಳಿದರೆ ಅವರ ಸಂದೇಹ ಪರಿಹಾರವಾಗದು.

ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿಯುವ ಕಾಲವೇ ಒಂದು ತಿಥಿ. ಚಂದ್ರಗತಿಯು ಏಕರೂಪವಲ್ಲ; ಆದುದರಿಂದ ತಿಥಿಯು 60 ಘಳಿಗೆಗಳಿಗಿಂತ ಹೆಚ್ಚಬಹುದು, ಕುಗ್ಗಲೂಬಹುದು; ಹಗಲಿರುಳೆನ್ನದೆ ಯಾವ ಹೊತ್ತಿನಲ್ಲಾದರೂ ಆರಂಭವಾಗಬಹುದು. ಸೂರ್ಯೋದಯಕ್ಕೆ ಏಕಾದಶಿಯಿದ್ದರೆ ಸಾಕೆಂಬುದು ಸ್ಮಾರ್ತರ ಸಾಮಾನ್ಯ ಕ್ರಮ. ನಮಗಾದರೋ ಅರುಣೋದಯವೇ ಪ್ರಮಾಣ. ಅಂದರೆ ಸೂರ್ಯೋದಯಕ್ಕೆ 4 ಘಳಿಗೆ, 96 ನಿಮಿಷ, ಮೊದಲು. ಸೂರ್ಯೋದಯ 6-20ಕ್ಕೆಂದು ಇಟ್ಟುಕೊಳ್ಳೋಣ; ಅರುಣೋದಯ 4-44ಕ್ಕೆ. ದಶಮಿಯು 5 ಗಂಟೆಯವರೆಗೆ ಇದ್ದರೆ ಆ ಏಕಾದಶಿ ವಿದ್ಧ. ನಮ್ಮ ಉಪವಾಸ ಮರುದಿನ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಈ ವೇಧೆಯನ್ನು ವರ್ಜ್ಯವೆಂದು ಸಾರಿದ್ದಾರೆ.

ಪರದೇಶದಲ್ಲಿರುವ ಮಕ್ಕಳಿಗೆ ಇಲ್ಲಿಂದ ದಿನಾಂಕ ತಿಳಿಸುವ ಹಿರಿಯರು ಒಂದನ್ನು ಗಮನಿಸಬೇಕು. ತಿಥಿ ಮುಗಿಯುವ ಕ್ಷಣವು ಲೋಕಕ್ಕೆಲ್ಲ ಒಂದೇ, ಸೂರ್ಯೋದಯವು ಊರೂರಿಗೆ ಬೇರೆ. ಇಲ್ಲಿ ಶುದ್ಧವಾದ ಏಕಾದಶಿ ಅಲ್ಲಿ ವಿದ್ಧವಾಗಿರಬಹುದು. ಪ್ರೀತಿಯಿಂದ ಹೇಳಿದ ದಿನವೇ ವ್ರತಭಂಗಕ್ಕೆ ಕಾರಣವಾದರೆ ಏನು ಗತಿ? ಅಲ್ಲಿಯ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗವನ್ನೇ ಅವರು ನೋಡಲಿ. ಪಾರಣೆಯ ವೇಳೆಗೂ ಇದೇ ಮಾತು. ದ್ವಾದಶಿಯು ಅಲ್ಪವಾಗಿರುವ ದಿನ ಬೆಳಗಿನ ಹೊತ್ತು ಬಹಳ ಬೇಗ ಕಳೆದುಹೋಗುತ್ತದೆ.