ನಿವೃತ್ತಿವೇತನವೂ ಆಯುಷ್ಯದ ಗಣಿತವೂ

ಅಮೆರಿಕದಲ್ಲಿ ದುಡಿದು ವೃದ್ಧಾಪ್ಯವನ್ನು ಸಮೀಪಿಸಿದ ನಮ್ಮ ಮಾಧ್ವ ಗೃಹಸ್ಥರಿಗೆ ಒಂದು ಜಿಜ್ಞಾಸೆಯುಂಟು: ಅಲ್ಲಿನ ಸರಕಾರವು ಕೊಡುವ ಸೋಷಿಯಲ್ ಸೆಕ್ಯುರಿಟಿ ವೇತನವನ್ನು ಯಾವಾಗ ಸ್ವೀಕರಿಸಬೇಕು? 1960ರಲ್ಲಿ ಅಥವಾ ಅನಂತರ ಜನಿಸಿದವರಿಗೆ ಪೂರ್ಣವೇತನದ ವಯಸ್ಸು 67. 62ರಲ್ಲಿಯೇ ಪಡೆದರೆ ನೂರಕ್ಕೆ 30 ಕಡಿಮೆ. 70ರವರೆಗೆ ಕಾದರೆ 24 ಹೆಚ್ಚು. ಮೊದಲೇ ಪಡೆಯುತ್ತಿರುವವರೂ 67 ತುಂಬಿದ ಮೇಲೆ ಅದನ್ನು ತಡೆಹಿಡಿಸಿ, 70ರವರೆಗೆ ವೃದ್ಧಿಗೊಳಿಸಬಹುದು.

ಆಗ ‘ನಾನೆಷ್ಟು ಕಾಲ ಬದುಕುವೆನು?’ ಎಂಬ ಗಣಿತವು ಆರಂಭವಾಗುತ್ತದೆ. ಜಾತಕವನ್ನು ಬಿಚ್ಚುವವರೂ ಇಲ್ಲದಿಲ್ಲ! ಜೀವನು ಅಸ್ವತಂತ್ರನೆಂದು ಸಾರಿದ ಶ್ರೀಮದಾಚಾರ್ಯರ ಅನುಯಾಯಿಗಳು, ಶ್ರೀಹರಿಯ ಅಧೀನವಾದ ಆಯುಷ್ಯವನ್ನು ತಮ್ಮ ಜಮಾಖರ್ಚಿನಲ್ಲಿ ಬರೆದುಕೊಳ್ಳುವುದು ವಿಚಿತ್ರವೇ ಸರಿ.

ಆದರೆ ಗೃಹಸ್ಥನಿಗೆ ನಿಶ್ಚಯವಾಗಿ ತಿಳಿದಿರುವುದೊಂದುಂಟು: ತನ್ನನ್ನು ಆಶ್ರಯಿಸಿರುವವರು ಯಾರೆಂಬುದು. ಪತಿಯು ಗತಿಸಿದ ಮೇಲೆ, ಸ್ವಂತ ವೇತನವು ಅಲ್ಪವಾಗಿರುವ ಪತ್ನಿಗೆ ದೊರೆಯುವ ಮೊತ್ತವು ಅವನ ವೇತನವನ್ನೇ ಅವಲಂಬಿಸಿದೆ. ಅವನು ಕಾದು ಗಳಿಸಿದ ಹೆಚ್ಚಳವು ಆಕೆಗೂ ಸಲ್ಲುತ್ತದೆ. ಅವಸರದಿಂದಾದ ಕಡಿತವೂ ಆಕೆಯನ್ನು ತಟ್ಟುತ್ತದೆ. ಹೀಗೆ ನೋಡಿದರೆ ಕಾಯುವುದು ಧನಲೋಭವಲ್ಲ, ಕುಟುಂಬಭರಣದ ಒಂದು ಅಂಗ.

ಎಲ್ಲರೂ ಕಾಯಲೇಬೇಕೆಂದಲ್ಲ. ತಡೆಹಿಡಿಸಿದ ಅವಧಿಯಲ್ಲಿ ಅವನ ಲೆಕ್ಕದಿಂದ ಪತ್ನಿಗೆ ಬರುವ ಹಣವೂ ನಿಲ್ಲುತ್ತದೆ. ಆಕೆಯ ಒಪ್ಪಿಗೆಯಿಲ್ಲದ ತ್ಯಾಗವು ತ್ಯಾಗವೆಂತು? ಔಷಧಕ್ಕೋ ಸಾಲಕ್ಕೋ ಇಂದೇ ಹಣ ಬೇಕಾದವನು 62ರಲ್ಲಿ ಕೈನೀಡಿದರೆ, ಅವನನ್ನು ಆತುರಗಾರನೆಂದು ನಿಂದಿಸಲು ನಮಗಾವ ಅಧಿಕಾರವೂ ಇಲ್ಲ.